ಅಪ್‌ಡೇಟ್: ಅಟ್ಟದ ರೂಮಿಗೆ ಆರ್ಕಿಟೆಕ್ಟಾ, ಬಿಲ್ಡರಾ?

ಮೈಸೂರಿನ ಲಕ್ಷ್ಮೀಪುರಂನಲ್ಲಿರುವ ನಮ್ಮ ಹಳೇ ಹೆಂಚಿನ ಮನೆಯ ಅಟ್ಟವನ್ನು ಮಗಳಿಗೆ ರೂಮು ಮಾಡಲು ಆರ್ಕಿಟೆಕ್ಟ್ ಬೇಕಾ, ಇಂಥದ್ದರಲ್ಲೇ ಪಳಗಿದ ಬಿಲ್ಡರ್ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಪ್ಲಾನ್‌ಗೆ ಆರ್ಕಿಟೆಕ್ಟ್, ಕೆಲಸಕ್ಕೆ ಬಿಲ್ಡರ್ ಅಂತ ತೀರ್ಮಾನಿಸಿದೆವು. ಆರ್ಕಿಟೆಕ್ಟ್ ಮೊದಲು ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿದರು. ತೊಲೆ ಗೋಡೆಗೆ ಸೇರುವ ಕಡೆ ಅವರು ಸ್ಕ್ರೂಡ್ರೈವರ್ ಚುಚ್ಚಿದರೆ ಪುಡಿ ಉದುರಿತು. ಗೆದ್ದಲು! ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ವಾಸದ ರೂಮಿನ ನೆಲ ಚದರ ಮೀಟರ್‌ಗೆ ಸುಮಾರು 200 ಕೆಜಿ ಹೊರುವಂತಿರಬೇಕು. ಪಾತ್ರೆ, ತೆಂಗಿನಕಾಯಿ ಇಡುವ ಅಟ್ಟಕ್ಕೆ ಅಷ್ಟು ಶಕ್ತಿ ಎಲ್ಲಿಂದ? ಸ್ಟೀಲ್ ತೊಲೆಗಳೇ ಬರಲಿವೆ.

ಬಿಲ್ಡರ್ ಕೊಟ್ಟ ಒಂದು ಸಲಹೆ ತುಂಬಾ ಹಿಡಿಸಿತು: ಮೆಟ್ಟಿಲು ಮಾಡಿನ ನೆತ್ತಿಯ ಕೆಳಗೇ ಹತ್ತಿ ಮುಗಿಯಬೇಕು, ಇಲ್ಲದಿದ್ದರೆ ದಿನಾ ತಲೆ ಬಡಿಯುತ್ತದೆ. ಪ್ಲಾನ್ ಈಗ ಪಾಲಿಕೆಯಲ್ಲಿದೆ. ಅನುಮತಿ ಬಂದ ಮೇಲೆ ಹೆಂಚು ಇಳಿಸುತ್ತೇವೆ.