ಟೋಕಿಯೋದಲ್ಲಿ ಒಂದು ದಿನ ರಜೆ: ತೊಮಿಯೊಕಾ ರೇಷ್ಮೆ ಮಿಲ್ಲಿಗೆ ಹೋಗಲಾ, ನಿಕ್ಕೋಗಾ?

ಶಿಡ್ಲಘಟ್ಟದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ. ಅಪ್ಪ ರೀಲರ್, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು, ಮನೆ ಹಿಂದೆಯೇ ನಮ್ಮ ಘಟಕ. ನಾನು ಮಾಸ್ಟರ್ಸ್ ಓದೋಕೆ ಟೋಕಿಯೋಗೆ ಬಂದು ಏಳು ತಿಂಗಳಾಯಿತು. ಇಷ್ಟು ದಿನ ರೂಮು, ಲ್ಯಾಬು, ಸೂಪರ್ ಮಾರ್ಕೆಟ್ಟು ಬಿಟ್ಟರೆ ಬೇರೇನೂ ನೋಡಿಲ್ಲ. ಮುಂದಿನ ವಾರ ಒಂದು ದಿನ ಪೂರ್ತಿ ರಜೆ ಇದೆ.

ಕ್ಲಾಸಿನವರೆಲ್ಲ ನಿಕ್ಕೋಗೆ ಹೊರಟಿದ್ದಾರೆ. ನನಗೆ ಮಾತ್ರ ಗುನ್ಮಾ ಪ್ರಾಂತ್ಯದಲ್ಲಿರುವ ತೊಮಿಯೊಕಾ ರೇಷ್ಮೆ ಮಿಲ್ ನೋಡಬೇಕು ಅಂತ ಆಸೆ. ಮನೆಗೆ ಫೋನ್ ಮಾಡಿ ಹೇಳಿದರೆ ಅಪ್ಪ ಜೋರಾಗಿ ನಕ್ಕರು. "ನೂಲು ಬಿಚ್ಚೋದು ನೋಡೋಕೆ ಜಪಾನಿಗೆ ಹೋಗಬೇಕಿತ್ತಾ, ಹಿತ್ತಲ ಬಾಗಿಲು ತೆಗೆದರೆ ಕಾಣ್ತಿತ್ತಲ್ಲ" ಅಂದರು. ಅಮ್ಮನ ಓಟು ನಿಕ್ಕೋಗೆ, ಅಲ್ಲಿ ದೇವಸ್ಥಾನ ಇದೆಯಂತೆ ಅಂತ.

ಯಾರಾದರೂ ಹೋಗಿದ್ದೀರಾ? ಒಂದೇ ದಿನದಲ್ಲಿ ಹೋಗಿ ಬರೋಕಾಗುತ್ತಾ? ಖರ್ಚು ಹೇಗೆ? ನಾನು ಮೀನು ಮಾಂಸ ತಿನ್ನಲ್ಲ, ಅದೊಂದು ತಲೆನೋವು.

ಗೌರಿಬಿದನೂರಿನವ:

ತಂಗೀ, ಆರಾಮಾಗಿ ಆಗುತ್ತೆ. ನಾನು ತಕಾಸಾಕಿಯಲ್ಲಿ ಮೂರು ವರ್ಷ ಇದ್ದೆ, ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿದರೆ ಟೋಕಿಯೋದಿಂದ ತಕಾಸಾಕಿಗೆ ಒಂದು ಗಂಟೆಯೂ ಬೇಡ. ಆದರೆ ಸ್ಟೂಡೆಂಟ್ ಅಲ್ವಾ, ಟೋಕಿಯೋದ ಉಎನೋ ಸ್ಟೇಷನ್ನಿಂದ ಮಾಮೂಲಿ ರೈಲು ಹಿಡಿಯಿರಿ. ಎರಡು ಗಂಟೆ ಹತ್ತಿರ ಆಗುತ್ತೆ, ದುಡ್ಡು ಅರ್ಧಕ್ಕಿಂತ ಕಮ್ಮಿ. ತಕಾಸಾಕಿಯಲ್ಲಿ ಇಳಿದು ಜೋಶಿನ್ ಅನ್ನೋ ಖಾಸಗಿ ಲೈನಿನ ಪುಟ್ಟ ರೈಲು ಹತ್ತಬೇಕು. ನಲವತ್ತು ನಿಮಿಷ ಗದ್ದೆ, ತೋಟ, ಹಳ್ಳಿಗಳ ನಡುವೆ ಹೋಗುತ್ತೆ. ಜೋಶು-ತೊಮಿಯೊಕಾದಲ್ಲಿ ಇಳಿದರೆ ಮಿಲ್ಲಿಗೆ ನಡೆಯುವಷ್ಟೇ ದೂರ. ನಾನಿದ್ದಾಗ ಆ ರೈಲಿನಲ್ಲಿ ಕಾರ್ಡ್ ನಡೆಯುತ್ತಿರಲಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಕಾಲೇಜಿನ ಐಡಿ ಮರೆಯಬೇಡಿ, ಟಿಕೆಟ್ ತುಂಬಾ ಅಗ್ಗವಾಗುತ್ತೆ.

ಊಟಕ್ಕೆ ಪುಳಿಯೋಗರೆ ಕಟ್ಟಿಕೊಂಡು ಹೋಗೋದೇ ಕ್ಷೇಮ. ಏನೇ ಸಾರು ಕೊಟ್ಟರೂ ಅದರಲ್ಲಿ ಮೀನಿನ ರಸ ಇರುತ್ತೆ. ಯಾಕಿಮಾಂಜು ಸಿಕ್ಕರೆ ತಿನ್ನಿ. ಕಡ್ಡಿಗೆ ಚುಚ್ಚಿದ ಬನ್ನಿಗೆ ಸಿಹಿ ಮಿಸೊ (ಸೋಯಾ ಕಾಳಿನ ಪೇಸ್ಟ್) ಬಳಿದು ಕೆಂಡದ ಮೇಲೆ ಸುಡುತ್ತಾರೆ. ಆ ಕಡೆ ಕೊನ್ಯಾಕು ಕೂಡ ಫೇಮಸ್. ಅದು ನಮ್ಮ ಸುವರ್ಣಗಡ್ಡೆಯ ನೆಂಟ, ಆದರೆ ಬಾಯಲ್ಲಿಟ್ಟರೆ ರಬ್ಬರ್ ಅನ್ನಿಸುತ್ತೆ. ನನಗಂತೂ ಸೇರಲಿಲ್ಲ.

ಸುಮ್ನೆ ಓದುವವನು:

ಬೇಜಾರು ಮಾಡಿಕೊಳ್ಳಬೇಡಿ, ನನ್ನ ಓಟು ನಿಮ್ಮ ಅಮ್ಮನಿಗೆ. ನಿಕ್ಕೋದಲ್ಲಿ ಕಾಡು, ಜಲಪಾತ, ಕೆತ್ತನೆ ಎಲ್ಲಾ ಇದೆ. ಮೂರು ಕೋತಿಗಳು ಕಣ್ಣು, ಬಾಯಿ, ಕಿವಿ ಮುಚ್ಚಿಕೊಂಡಿರುತ್ತಾವಲ್ಲ, ಆ ಪ್ರಸಿದ್ಧ ಕೆತ್ತನೆ ಇರೋದೂ ಅಲ್ಲೇ. ಮುಚ್ಚಿಹೋದ ಫ್ಯಾಕ್ಟರಿ ನೋಡಿ ಏನು ಮಾಡುತ್ತೀರಾ?

ಚಿಂತಾಮಣಿ ಹಿಪ್ಪುನೇರಳೆ:

ಮೇಲಿನವರು ಹುಳ ಮೇಯಿಸಿದವರಲ್ಲ ಅನ್ನಿಸುತ್ತೆ. ಹೋಗಿ ಬಾ ಮಗಳೇ. ನಾನು ಮೂವತ್ತು ವರ್ಷದಿಂದ ಹುಳ ಸಾಕುತ್ತಿದ್ದೇನೆ. 1991ರಲ್ಲಿ ಜಪಾನಿನವರು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಸ್ಥೆಯ ಜತೆ ಸೇರಿ ಬೈವೋಲ್ಟೀನ್, ಅಂದರೆ ಬಿಳಿ ಗೂಡು ಕಟ್ಟುವ ಹುಳದ ತಳಿಯ ಕೆಲಸ ಶುರು ಮಾಡಿದರು. ಈಗ ನಾವು ಬೆಳೆಯೋ ಬಿಳಿ ಗೂಡಿನ ಹಿಂದೆ ಆ ಕೆಲಸವೂ ಇದೆ. ಮೊದಲು ನಮ್ಮ ಚಂದ್ರಿಕೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ತುಂಬಾ ಬರೀ ಹಳದಿ ಗೂಡೇ.

ಅಲ್ಲಿ ಎರಡು ವಿಷಯ ನೋಡಿಕೊಂಡು ಬಾ. ಒಂದು ಎಳೆಗೆ ಎಷ್ಟು ಗೂಡಿನ ನೂಲು ಸೇರಿಸುತ್ತಾರೆ ಅಂತ ಒಂದು. ಗೂಡನ್ನು ಎಲ್ಲಿ, ಹೇಗೆ ಇಡುತ್ತಿದ್ದರು ಅಂತ ಇನ್ನೊಂದು. ಕಟ್ಟಡದ ಚಂದ ಆಮೇಲೆ.

ಶಿಡ್ಲಘಟ್ಟದ ಹುಡುಗಿ:

ಹೋಗಿ ಬಂದೆ! ನಿನ್ನೆ ರಾತ್ರಿ ಹತ್ತಕ್ಕೆ ರೂಮು ಸೇರಿದೆ, ಕಾಲು ಇನ್ನೂ ನೋಯುತ್ತಿದೆ.

ಗೇಟು ದಾಟಿದ ಕೂಡಲೇ ಎದುರಿಗೆ ಕೆಂಪು ಇಟ್ಟಿಗೆಯ ಉದ್ದದ ಕಟ್ಟಡ. ಕಮಾನಿನ ನೆತ್ತಿಯ ಕಲ್ಲಿನಲ್ಲಿ ಮೇಜಿ ಚಕ್ರವರ್ತಿಯ ಕಾಲದ ಐದನೇ ವರ್ಷ ಅಂತ ಕೊರೆದಿದ್ದಾರೆ, ಅಂದರೆ 1872. ಸರ್ಕಾರವೇ ಪಾಲ್ ಬ್ರೂನಾ ಅನ್ನೋ ಫ್ರೆಂಚಿನವನನ್ನು ಸಂಬಳಕ್ಕೆ ಇಟ್ಟುಕೊಂಡು ಕಟ್ಟಿಸಿದ ಮಾದರಿ ಮಿಲ್ಲು. ಕಟ್ಟಡವೇನೋ ಎದ್ದಿತು, ಕೆಲಸಕ್ಕೆ ಹುಡುಗಿಯರೇ ಬರಲಿಲ್ಲವಂತೆ. ಫ್ರೆಂಚಿನವರು ಕೆಂಪು ವೈನ್ ಕುಡಿಯೋದು ನೋಡಿ ಜನ ಅದು ರಕ್ತ ಅಂದುಕೊಂಡಿದ್ದರು, ಹುಡುಗಿಯರ ರಕ್ತ ಹೀರುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಕೊನೆಗೆ ಮಿಲ್ಲಿನ ಮೊದಲ ಮುಖ್ಯಸ್ಥ ಒದಾಕಾ ತನ್ನ ಮಗಳನ್ನೇ ಕೆಲಸಕ್ಕೆ ಸೇರಿಸಿ ಜನರ ಭಯ ಬಿಡಿಸಿದನಂತೆ. ಹದಿಹರೆಯದ ಹುಡುಗಿ. ಅಷ್ಟು ಉದ್ದದ ಹಾಲ್‌ನಲ್ಲಿ ಮೊದಲ ದಿನ ಅವಳಿಗೆ ಹೇಗನ್ನಿಸಿರಬಹುದು ಅಂತ ಅಲ್ಲೇ ನಿಂತು ಯೋಚಿಸುತ್ತಿದ್ದೆ.

ನೂಲು ಬಿಚ್ಚುವ ಹಾಲ್ 140 ಮೀಟರ್ ಉದ್ದ, ಮಧ್ಯೆ ಒಂದು ಕಂಬವೂ ಇಲ್ಲ. ಶುರುವಿನಲ್ಲಿ ಗೂಡು ಹಾಕಿ ನೂಲು ಬಿಚ್ಚುವ ಬಿಸಿನೀರಿನ ಬೇಸಿನ್ 300 ಇದ್ದವು. ಈಗ ಅಲ್ಲಿರೋದು ಆಮೇಲೆ ಬಂದ ಆಟೋಮ್ಯಾಟಿಕ್ ಯಂತ್ರಗಳು, 1987ರಲ್ಲಿ ಮಿಲ್ಲು ನಿಂತಾಗ ಹೇಗಿದ್ದವೋ ಹಾಗೇ. ಮುಚ್ಚಿದ ಮೇಲೂ, ಕೊನೆಗೆ ಅದನ್ನು ನಡೆಸುತ್ತಿದ್ದ ಖಾಸಗಿ ಕಂಪನಿಯವರು ಅದನ್ನು ಮಾರದೆ, ಕೆಡವದೆ, ತಾವೇ ಖರ್ಚು ಮಾಡಿ ಕಾಪಾಡಿಕೊಂಡು 2005ರಲ್ಲಿ ಊರಿಗೆ ಕೊಟ್ಟರು. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಎಲ್ಲಾ ಚೊಕ್ಕಟ. ಆದರೆ ವಾಸನೆ ಇಲ್ಲ! ನಮ್ಮೂರಲ್ಲಿ ಬೀದಿಗೆ ಕಾಲಿಟ್ಟರೆ ಬೇಯೋ ಗೂಡಿನ ವಾಸನೆ ಮೂಗಿಗೆ ಹೊಡೆಯುತ್ತೆ, ಸ್ಕೂಲಲ್ಲಿ ಬೇರೆ ಊರಿನವರು ಮೂಗು ಮುಚ್ಚಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು. ಇಲ್ಲಿ ಆ ಹಾಲ್‌ನಲ್ಲಿ ನಿಂತು ಅದೇ ವಾಸನೆ ಹುಡುಕಿದೆ.

ಒಂದು ಮೂಲೆಯಲ್ಲಿ ಒಬ್ಬ ಅಜ್ಜಿ ಕೈಯಲ್ಲಿ ತಿರುಗಿಸೋ ಹಳೇ ರಾಟೆಯಲ್ಲಿ ನೂಲು ಬಿಚ್ಚಿ ತೋರಿಸುತ್ತಿದ್ದರು. ಬಿಸಿನೀರಿನಲ್ಲಿ ಗೂಡು ಕುಣಿಯುತ್ತಿದ್ದವು, ಚಿಕ್ಕ ಪೊರಕೆಯಿಂದ ಎಳೆಯ ತುದಿ ಹಿಡಿಯುತ್ತಿದ್ದರು. ಒಂದು ಎಳೆ ಕಡಿಯಿತು. ಅವರಿಗಿಂತ ಮೊದಲು ನನ್ನ ಕೈ ಮುಂದೆ ಹೋಗಿಬಿಟ್ಟಿತು! ಅಜ್ಜಿ ನನ್ನ ಮುಖ ನೋಡಿ ನಕ್ಕು, ನೀನೇ ಹಾಕು ಅಂತ ಸನ್ನೆ ಮಾಡಿದರು. ಬೇರೆ ಗೂಡಿನ ತುದಿ ಹಿಡಿದು ಓಡುತ್ತಿದ್ದ ಎಳೆಗೆ ತಗುಲಿಸಿದೆ, ಹಿಡಿದುಕೊಂಡಿತು. ನನ್ನ ಹರಕು ಜಪಾನಿಯಲ್ಲಿ ನಮ್ಮ ಮನೆ ಕೆಲಸವೂ ಇದೇ ಅಂದೆ. ಆಮೇಲೆ ಅವರು ಮಾತಾಡಿದ್ದೇ ಮಾತಾಡಿದ್ದು, ನನಗೆ ಅರ್ಧ ಅರ್ಥವಾಗಲಿಲ್ಲ.

ಚಿಂತಾಮಣಿ ಮಾವ, ನಿಮ್ಮ ಲೆಕ್ಕ: ಅಜ್ಜಿ ಎಳೆಗೆ ಐದು ಗೂಡು ಸೇರಿಸಿದ್ದರು. ನಮ್ಮ ಮನೆಯಲ್ಲಿ ಎಂಟು ಹತ್ತು.

ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅಪ್ಪ. ಗೂಡು ಇಡುವ ಗೋಡೌನು ಒಂದಲ್ಲ, ಎರಡು, ಒಂದೊಂದೂ 104 ಮೀಟರ್ ಉದ್ದ. ಫೋಟೋ ಕಳಿಸಿದೆ. ಇಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿ ಬೆಳಗ್ಗೆ ಹತ್ತು, ಅಪ್ಪ ಗೂಡಿನ ಮಾರ್ಕೆಟ್‌ನಲ್ಲಿದ್ದರು. ತಕ್ಷಣ ಫೋನ್ ಬಂತು. "ಇಷ್ಟು ದೊಡ್ಡ ಗೋಡೌನ್ ಯಾಕಮ್ಮಾ?" ನಾನು ಬೋರ್ಡ್ ಓದೋಕೆ ಹೊರಟೆ, ಅಷ್ಟರಲ್ಲಿ ಅವರೇ "ತಡಿ ತಡಿ, ಅಲ್ಲಿ ಚಳಿಗಾಲಕ್ಕೆ ಹಿಪ್ಪುನೇರಳೆ ಸೊಪ್ಪು ಉದುರಿಹೋಗುತ್ತೆ ಅಲ್ವಾ, ವರ್ಷಕ್ಕೆ ಒಂದೋ ಎರಡೋ ಬೆಳೆ. ಅದನ್ನೇ ಒಣಗಿಸಿಟ್ಟು ವರ್ಷವೆಲ್ಲಾ ಬಿಚ್ಚಬೇಕು" ಅಂದರು. ಬೋರ್ಡಿನಲ್ಲೂ ಹೆಚ್ಚುಕಮ್ಮಿ ಅದೇ ಇತ್ತು. ನಮಗೆ ವರ್ಷಪೂರ್ತಿ ಸೊಪ್ಪು, ದಿನಾ ಮಾರ್ಕೆಟ್ಟು, ಇವತ್ತು ತಂದ ಗೂಡು ಎರಡು ಮೂರು ದಿನದಲ್ಲಿ ನೂಲು. ನಕ್ಕಿದ್ದ ಅಪ್ಪ ಆಮೇಲೆ ಇಪ್ಪತ್ತು ನಿಮಿಷ ಫೋನ್ ಇಡಲಿಲ್ಲ. ಯಂತ್ರದ ಹತ್ತಿರ ಹಿಡಿ, ಕೆಳಗೆ ಹಿಡಿ, ಆ ಪೈಪ್ ಎಲ್ಲಿಗೆ ಹೋಗುತ್ತೆ ನೋಡು ಅಂತ. ಹಿಂದೆ ಯಾರೋ ಲಾಟ್ ನಂಬರ್ ಕೂಗುತ್ತಿದ್ದರು.

ಯಾಕಿಮಾಂಜು ಸೂಪರ್, ಥ್ಯಾಂಕ್ಸ್ ಅಣ್ಣಾ. ಅಂಗಡಿಯಲ್ಲಿ ರೇಷ್ಮೆ ಹುಳದ ಆಕಾರದ ಚಾಕೊಲೇಟ್ ಸಿಕ್ಕಿತು, ಥೇಟ್ ಹಣ್ಣಾದ, ಅಂದರೆ ಗೂಡು ಕಟ್ಟೋಕೆ ರೆಡಿಯಾದ ಹುಳ. ಫೋಟೋ ನೋಡಿದ ಅಮ್ಮ, "ಅದನ್ನ ಮನೆಗೆ ತಂದೀಯಾ ಜೋಕೆ" ಅಂದಿದ್ದಾರೆ.

ಸುಮ್ನೆ ಓದುವವನು:

ಸರಿ, ನಾನು ಸೋತೆ. ಆ ಚಾಕೊಲೇಟ್ ಫೋಟೋ ಇಲ್ಲೂ ಹಾಕಿ.