ವಾಚ್‌ಡಾಗ್: ತೂಕದ ಫೈಲು ಅರ್ಧಂಬರ್ಧ ಓದುತ್ತಿದೆ, ಇನ್ನೊಂದು ಫೋಲ್ಡರಿನ ಸುದ್ದಿಯೇ ಇಲ್ಲ

ಪ್ರಶ್ನೆ
ದಾವಣಗೆರೆಯಲ್ಲಿ ಮೆಕ್ಕೆಜೋಳದ ಎರಡು ಗೋದಾಮು, ಎರಡರಲ್ಲೂ ವೇಬ್ರಿಡ್ಜ್. ಲಾರಿ ತೂಗಿದಾಗೆಲ್ಲ ಅಲ್ಲಿನ ವಿಂಡೋಸ್ ಕಂಪ್ಯೂಟರ್ ಒಂದು ಸಿಎಸ್‌ವಿ ಫೈಲು ಬರೆಯುತ್ತದೆ. ಉಬುಂಟು (ಲಿನಕ್ಸ್) ಯಂತ್ರದಲ್ಲಿ, ಫೋಲ್ಡರಿನ ಬದಲಾವಣೆ ಗಮನಿಸುವ ಪೈಥಾನ್ ಲೈಬ್ರರಿ ವಾಚ್‌ಡಾಗ್ ಹಾಕಿ, ಹೊಸ ಫೈಲು ಬಂದಾಗ ಓಡುವ ಆನ್_ಕ್ರಿಯೇಟೆಡ್‌ನಲ್ಲಿ ಆ ಫೈಲು ಓದಿ ಡೇಟಾಬೇಸಿಗೆ ಸೇರಿಸುತ್ತಿದ್ದೇವೆ. ಮೊದಲ ಗೋದಾಮಿನ ಫೈಲು ಉಬುಂಟುವಿನದೇ ಸಾಂಬಾ ಫೋಲ್ಡರಿಗೆ (ವಿಂಡೋಸ್‌ನಿಂದಲೂ ಬರೆಯಬಹುದಾದ ಹಂಚಿಕೆಯ ಫೋಲ್ಡರ್) ಬರುತ್ತದೆ. ಎಷ್ಟೋ ಸಲ ಫೈಲು ಖಾಲಿ, ಇಲ್ಲವೇ ಗಾಡಿ ನಂಬರ್ ಇದ್ದು ನಿವ್ವಳ ತೂಕ ಇರುವುದಿಲ್ಲ. ಎರಡನೆಯದು ವಿಂಡೋಸ್ ಫೋಲ್ಡರನ್ನು ಸಿಐಎಫ್‌ಎಸ್‌ನಿಂದ ಮೌಂಟ್ ಮಾಡಿದ್ದು, ಅಂದರೆ ನೆಟ್‌ವರ್ಕ್ ಮೂಲಕ ಉಬುಂಟುವಿಗೆ ಜೋಡಿಸಿದ್ದು. ಅಲ್ಲಿ ಈವೆಂಟೂ ಇಲ್ಲ, ಎರರೂ ಇಲ್ಲ. ಓದುವ ಮೊದಲು 2 ಸೆಕೆಂಡ್ ಸ್ಲೀಪ್ ಕೊಟ್ಟರೆ ಸರಿಹೋದೀತೇ?

ಉತ್ತರ 1
ಸ್ಲೀಪ್ ಬೇಡ ಸರ್. ಫೈಲು ಹುಟ್ಟಿದ ಕ್ಷಣಕ್ಕೇ ಆನ್_ಕ್ರಿಯೇಟೆಡ್ ಬರುತ್ತದೆ, ಆಗ ಒಳಗೆ ಒಂದಕ್ಷರವೂ ಇರದಿರಬಹುದು. ಲಿನಕ್ಸ್‌ನಲ್ಲಿ ಆನ್_ಕ್ಲೋಸ್ಡ್ ಇದೆ, ಬರೆಯಲು ತೆರೆದ ಫೈಲು ಮುಚ್ಚಿದ ಮೇಲೆ ಅದು ಬರುತ್ತದೆ. ಓದುವ ಕೆಲಸ ಅಲ್ಲಿಗೆ ಹಾಕ್ರಿ. ವೇಬ್ರಿಡ್ಜಿನ ಸಾಫ್ಟ್‌ವೇರ್ ಮೊದಲು ಡಾಟ್ ಟಿಎಂಪಿ ಎಂದು ಬರೆದು ಆಮೇಲೆ ಹೆಸರು ಬದಲಿಸುವಂಥದ್ದಾದರೆ ಆನ್_ಮೂವ್ಡ್ ಹಿಡಿದು ಡೆಸ್ಟ್_ಪಾತ್ (ಹೊಸ ಹೆಸರಿನ ಫೈಲು) ಓದಬೇಕು.

ಆದರೆ ನಿವ್ವಳ ತೂಕ ಇಲ್ಲದಿರುವುದಕ್ಕೆ ಕಾರಣವೇ ಬೇರೆ ಇರಬಹುದು. ತುಂಬಿದ ಗಾಡಿ ತೂಗಿದಾಗ ಗ್ರಾಸ್ (ಒಟ್ಟು ತೂಕ), ಮಾಲು ಇಳಿಸಿ ಬಂದ ಮೇಲೆ ಟೇರ್ (ಖಾಲಿ ಗಾಡಿಯ ತೂಕ); ಎರಡರ ವ್ಯತ್ಯಾಸವೇ ನಿವ್ವಳ. ಮೊದಲ ತೂಕಕ್ಕೇ ಫೈಲು ಬರೆದು, ಎರಡನೇ ತೂಕಕ್ಕೆ ಅದನ್ನೇ ತಿದ್ದುವ ಸಾಫ್ಟ್‌ವೇರ್ ಆದರೆ ನಡುವೆ ಗಂಟೆಗಟ್ಟಲೆ ಅಂತರ ಇರುತ್ತದೆ, ಆನ್_ಕ್ಲೋಸ್ಡ್ ಎರಡು ಸಲ ಬರುತ್ತದೆ. ನಿವ್ವಳದ ಕಾಲಂ ತುಂಬಿದೆಯೇ ನೋಡಿ ಆಮೇಲೆ ಸೇರಿಸ್ರಿ. ತೂಕದ ಚೀಟಿಯ ನಂಬರನ್ನು ಪ್ರೈಮರಿ ಕೀ (ಡೇಟಾಬೇಸಿನಲ್ಲಿ ಎರಡು ಸಲ ಬರಲಾಗದ ಗುರುತು) ಮಾಡಿದರೆ ಒಂದೇ ಲಾರಿ ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ.

ಉತ್ತರ 2
ಎರಡನೇ ಫೋಲ್ಡರಿನ ವಿಷಯ: ವಾಚ್‌ಡಾಗ್ ಲಿನಕ್ಸ್‌ನಲ್ಲಿ ನಂಬುವುದು ಇನೋಟಿಫೈಯನ್ನು, ಅಂದರೆ ಫೈಲು ಬದಲಾದರೆ ತಿಳಿಸುವ ಕರ್ನೆಲ್ (ಲಿನಕ್ಸ್‌ನ ತಿರುಳು) ಸೌಲಭ್ಯವನ್ನು. ತನ್ನ ಕರ್ನೆಲ್ ಮೂಲಕ ಆದ ಬದಲಾವಣೆ ಮಾತ್ರ ಅದಕ್ಕೆ ಗೊತ್ತು. ಬರೆದದ್ದು ಆಚೆಯ ವಿಂಡೋಸ್ ಯಂತ್ರ, ಹಾಗಾಗಿ ಸದ್ದಿಲ್ಲ. ಫೋಲ್ಡರ್ ಕಾಯುವ ಅಬ್ಸರ್ವರ್ ಬದಲು ವಾಚ್‌ಡಾಗ್ ಡಾಟ್ ಅಬ್ಸರ್ವರ್ಸ್ ಡಾಟ್ ಪೋಲಿಂಗ್‌ನಲ್ಲಿರುವ ಪೋಲಿಂಗ್‌ಅಬ್ಸರ್ವರ್ ಬಳಸಿ, ಟೈಮ್‌ಔಟ್ 5 ಕೊಡಿ; ಅದು 5 ಸೆಕೆಂಡಿಗೊಮ್ಮೆ ತಾನೇ ಫೋಲ್ಡರ್ ನೋಡುತ್ತದೆ (ಇದೇ ಪೋಲಿಂಗ್). ಇದರಲ್ಲಿ ಆನ್_ಕ್ಲೋಸ್ಡ್ ಬರುವುದಿಲ್ಲ. ಫೈಲಿನ ಗಾತ್ರ ನೋಡಿ, 3 ಸೆಕೆಂಡ್ ಬಿಟ್ಟು ಮತ್ತೆ ನೋಡಿ, ಬದಲಾಗದಿದ್ದರೆ ಓದಿ. ಸಿಐಎಫ್‌ಎಸ್ ಫೈಲಿನ ವಿವರವನ್ನು ಸಾಮಾನ್ಯವಾಗಿ 1 ಸೆಕೆಂಡ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕಿಂತ ಕಡಿಮೆ ಅಂತರದಲ್ಲಿ ನೋಡಿದರೆ ಹಳೇ ಗಾತ್ರವೇ ಸಿಗಬಹುದು.

ಪ್ರಶ್ನೆ ಕೇಳಿದವರು
ಆ ಫೋಲ್ಡರಿನಲ್ಲಿ ಹಳೇ ಚೀಟಿಗಳೆಲ್ಲ ಹಾಗೇ ಬಿದ್ದಿವೆ, 40,000 ದಾಟಿವೆ. ಪೋಲಿಂಗ್ ತಡೆಯುತ್ತದೆಯೇ?

ಉತ್ತರ 2
ತಡೆಯುವುದು ಕಷ್ಟ. ಪ್ರತಿ ಸುತ್ತಿಗೂ ಅಷ್ಟೂ ಫೈಲುಗಳ ವಿವರ ನೆಟ್‌ವರ್ಕ್ ಮೇಲೆ ಹಾದುಬರಬೇಕು. ಡೇಟಾಬೇಸಿಗೆ ಸೇರಿದ ಫೈಲನ್ನು ಕಾಯುತ್ತಿರುವ ಫೋಲ್ಡರಿನ ಹೊರಗೆ ಸಾಗಿಸಿ, ಒಳಫೋಲ್ಡರುಗಳನ್ನು ನೋಡದಂತೆ ರಿಕರ್ಸಿವ್ ಫಾಲ್ಸ್ ಇಡಿ. ಅದಕ್ಕಿಂತ ಒಳ್ಳೆಯದು, ಆ ಕಂಪ್ಯೂಟರೂ ಉಬುಂಟುವಿನ ಸಾಂಬಾ ಫೋಲ್ಡರಿಗೇ ಬರೆಯಲಿ. ಪೋಲಿಂಗ್‌ನ ಗೊಡವೆಯೇ ಇರುವುದಿಲ್ಲ.

ಉತ್ತರ 3
ಇನ್ನೊಂದು ಅಪಾಯ ಹೇಳಲೇಬೇಕು. ಹ್ಯಾಂಡ್ಲರ್ (ಈವೆಂಟ್ ಬಂದಾಗ ಓಡುವ ನಿಮ್ಮ ಕೋಡ್) ಒಳಗೆ ಎಕ್ಸೆಪ್ಷನ್ (ಎರರ್) ಬಂದು ಅದನ್ನು ನೀವು ಹಿಡಿಯದಿದ್ದರೆ ಅಬ್ಸರ್ವರ್ ಥ್ರೆಡ್ ಸಾಯುತ್ತದೆ. ಸ್ಕ್ರಿಪ್ಟಿನ ಕೊನೆಯಲ್ಲಿರುವ ವೈಲ್ ಟ್ರೂ ಲೂಪ್ ಮಾತ್ರ ಓಡುತ್ತಲೇ ಇರುತ್ತದೆ, ಸ್ಕ್ರಿಪ್ಟ್ ಜೀವಂತ ಇರುವಂತೆ ಕಾಣುತ್ತದೆ. ಹ್ಯಾಂಡ್ಲರ್ ಫೈಲಿನ ಹೆಸರನ್ನು ಕ್ಯೂಗೆ (ಸರತಿಗೆ) ಹಾಕಲಿ ಅಷ್ಟೇ, ಓದುವುದು ಬೇರೆ ಥ್ರೆಡ್. ಲೂಪಿನ ಷರತ್ತು ಅಬ್ಸರ್ವರ್ ಡಾಟ್ ಈಸ್_ಅಲೈವ್ ಇರಲಿ, ಲೂಪ್ ಮುಗಿದರೆ ಸ್ಕ್ರಿಪ್ಟ್ ನಿಲ್ಲಲಿ, ಉಬುಂಟುವಿನ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ರೀಸ್ಟಾರ್ಟ್ ಆಲ್ವೇಸ್ ಕೊಡಿ, ಅದೇ ಮತ್ತೆ ಶುರು ಮಾಡುತ್ತದೆ.

ಕರೆಂಟ್ ಹೋಗಿ ಬಂದಾಗ ನಡುವೆ ಬಿದ್ದ ಫೈಲುಗಳಿಗೆ ಈವೆಂಟ್ ಬರುವುದಿಲ್ಲ. ಮೊದಲು ಅಬ್ಸರ್ವರ್ ಶುರು ಮಾಡಿ, ಆಮೇಲೆ ಫೋಲ್ಡರಿನಲ್ಲಿ ಇರುವುದನ್ನೆಲ್ಲ ಒಮ್ಮೆ ಕ್ಯೂಗೆ ಹಾಕಿ. ಈ ಕ್ರಮ ತಿರುಗುಮುರುಗಾದರೆ ನಡುವಿನ ಕ್ಷಣದಲ್ಲಿ ಬಂದ ಚೀಟಿ ತಪ್ಪಿಹೋಗುತ್ತದೆ.