ಸಹಾಯ ಬೇಕು: ಸೀಲಿಯಾಕ್ ಇಲ್ಲ, ಆದ್ರೂ ಚಪಾತಿ ತಿಂದ್ರೆ ಹೊಟ್ಟೆ ಉಬ್ಬರ

ಅಮ್ಮನಿಗೆ ಚಪಾತಿ, ಉಪ್ಪಿಟ್ಟು ತಿಂದ ಎರಡು ಗಂಟೆಯಲ್ಲೇ ಸೀರೆ ಸಡಿಲ ಮಾಡ್ಕೊಳ್ಳೋಷ್ಟು ಹೊಟ್ಟೆ ಉಬ್ಬುತ್ತೆ, ತಲೆ ಭಾರ. ಸೀಲಿಯಾಕ್ (ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್‌ನಿಂದ ಸಣ್ಣ ಕರುಳಿಗೆ ಹಾನಿಯಾಗೋ ಕಾಯಿಲೆ) ಇದೆಯಾ ಅಂತ ನೋಡೋಕೆ, ಗೋಧಿ ತಿನ್ತಿದ್ದಾಗಲೇ ಟಿಟಿಜಿ-ಐಜಿಎ ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಬಯಾಪ್ಸಿ ಮಾಡಿಸಿದ್ವಿ. ಸೀಲಿಯಾಕ್ ಅಲ್ಲ, ಗೋಧಿ ಅಲರ್ಜಿಯೂ ಇಲ್ಲ. 6 ವಾರ ಗೋಧಿ, ಮೈದಾ, ರವೆ ಬಿಟ್ಟು ಮುದ್ದೆ, ಅನ್ನ, ಜೋಳದ ರೊಟ್ಟಿ ಕೊಟ್ವಿ. ಪಾಪ, ಎಷ್ಟೋ ಆರಾಮಾದ್ರು. ಗ್ಲುಟೆನ್ ಸೂಕ್ಷ್ಮತೆಗೇ ಅಂತ ರಕ್ತ ಪರೀಕ್ಷೆ ಇಲ್ಲ, ಮತ್ತೆ ತಿನ್ನಿಸಿ ನೋಡಿಯೇ ಹೇಳ್ಬೇಕು ಅಂದ್ರು ಡಾಕ್ಟ್ರು.

ನಂಗೆ ಗೊಂದಲ ಇರೋದು ಇಲ್ಲಿ. ಈರುಳ್ಳಿ ಹುಳಿ ಉಂಡ ದಿನವೂ ಸ್ವಲ್ಪ ಉಬ್ಬರ ಬರುತ್ತೆ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರೋ ಫ್ರಕ್ಟಾನ್ (ಕರುಳಲ್ಲಿ ಹುದುಗಿ ಗ್ಯಾಸ್ ಮಾಡೋ ಒಂದು ಬಗೆಯ ಕಾರ್ಬೋಹೈಡ್ರೇಟ್) ಗೋಧಿಯಲ್ಲೂ ಇದೆಯಲ್ಲ! ಹಾಗಾದ್ರೆ ತೊಂದರೆ ಗ್ಲುಟೆನ್‌ದೋ, ಫ್ರಕ್ಟಾನ್‌ದೋ? ಇವೆರಡನ್ನೂ ಬೇರೆಬೇರೆಯಾಗಿ ತಿನ್ನಿಸಿ ನೋಡಿದವರು ಯಾರಾದ್ರೂ ಇದ್ದೀರಾ? ಮೊದಲು ಯಾವುದು ಕೊಟ್ರಿ, ಎಷ್ಟು ದಿನ, ಮಧ್ಯೆ ಎಷ್ಟು ಬಿಡುವು?